ಲೆಕ್ಕದ ಪುಸ್ತಕದ ಕೊನೆಯ ಪುಟ

ಹಿಂದೊಮ್ಮೆ ದುಡಿದು ಬಿಟ್ಟುಬಂದ ಊರಿಗೆ ನೀವು ಎಂದಾದರೂ ಮರಳಿ ಹೋಗಿದ್ದೀರಾ? ಹುಟ್ಟಿದ ಊರಿಗೆ ಮರಳುವುದು ಬೇರೆ. ಅಲ್ಲಿ ನಮ್ಮ ದಾರಿ ಕಾಯುವವರು ಯಾರಾದರೂ ಇರುತ್ತಾರೆ. ಅನ್ನ ಕೊಟ್ಟ ಊರಿಗೆ ಮರಳುವಾಗಲಾದರೋ, ಅಲ್ಲಿಂದ ಏನನ್ನು ಪಡೆದೆವು, ಏನನ್ನು ಕೊಡದೆ ಬಂದೆವು ಎಂಬ ಪ್ರಶ್ನೆ ನಮ್ಮೊಡನೆಯೇ ಪಯಣಿಸುತ್ತದೆ. ಕಳೆದ ಅಕ್ಟೋಬರಿನಲ್ಲಿ ನಾನು ಕುದುರೆಮುಖಕ್ಕೆ ಹೋದದ್ದು ಅಂಥ ಪ್ರಶ್ನೆಯೊಂದನ್ನು ಹೊತ್ತುಕೊಂಡೇ.

ನಿವೃತ್ತಿಯ ಬಳಿಕ ಒಂದು ದಿನ ಹಳೆಯ ಕಬ್ಬಿಣದ ಪೆಟ್ಟಿಗೆಯ ಕಾಗದಪತ್ರಗಳನ್ನು ಬೇರ್ಪಡಿಸುತ್ತಿದ್ದಾಗ ಅಂಗೈಯಗಲದ ಪುಸ್ತಕವೊಂದು ಸಿಕ್ಕಿತು. ದಿನಸಿ ಅಂಗಡಿಯ ಉದ್ರಿ ಲೆಕ್ಕದ ಪುಸ್ತಕ ಅದು. ಪ್ರತಿ ತಿಂಗಳ ಲೆಕ್ಕದ ಕೆಳಗೂ ಅಂಗಡಿಯ ಧನಿಗಳ ದುಂಡು ಅಕ್ಷರದಲ್ಲಿ 'ಪಾವತಿಯಾಗಿದೆ' ಎಂದಿತ್ತು. ಕೊನೆಯ ಪುಟದಲ್ಲಿ ಮಾತ್ರ ಅದಿರಲಿಲ್ಲ. 2005ರ ಡಿಸೆಂಬರ್: ಅಕ್ಕಿ, ಬೆಲ್ಲ, ಕಡಲೆಬೇಳೆ, ತೆಂಗಿನೆಣ್ಣೆ, ಗೋಡಂಬಿ. ಒಟ್ಟು 2,164 ರೂಪಾಯಿ.

ಆ ತಿಂಗಳು ಏನಾಯಿತೆಂಬುದನ್ನು ಹಿರಿಯ ಓದುಗರು ಬಲ್ಲರು. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಆ ಮಲೆಗಳ ನಡುವೆ ಒಂದು ಪಟ್ಟಣವನ್ನೇ ಕಟ್ಟಿತ್ತು. ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಬೆರೆಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿನ ಪಣಂಬೂರಿಗೆ ಹರಿಸುತ್ತಿದ್ದರು. ಪಂಪುಗಳನ್ನು ದುರಸ್ತಿ ಮಾಡುವ ಫಿಟ್ಟರ್ ಆಗಿ ನಾನು ಅಲ್ಲಿ ಹದಿನಾರು ವರ್ಷ ದುಡಿದೆ. ಗಣಿಯ ಹೂಳು ಭದ್ರೆಯನ್ನು ಸೇರುತ್ತಿದೆ, ಕಾಡು ಅಳಿಯುತ್ತಿದೆ ಎಂಬ ಕೂಗು ನ್ಯಾಯಾಲಯದ ಮೆಟ್ಟಿಲೇರಿತು. 2005ರ ಕೊನೆಯೊಳಗೆ ಗಣಿಗಾರಿಕೆ ನಿಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಪಿತ್ತಿತು. ಮೂರು ವರ್ಷಗಳ ಮುನ್ಸೂಚನೆಯಿದ್ದರೂ ಕೊನೆಯ ದಿನ ಎಂಬುದು ಬಂದೇ ಬರುತ್ತದೆಂದು ನಮ್ಮಲ್ಲಿ ಬಹಳ ಮಂದಿ ನಂಬಿರಲಿಲ್ಲ.

ಆ ಡಿಸೆಂಬರಿನಲ್ಲಿ ನಮ್ಮ ಸಾಲಿನ ಮನೆಗಳವರಿಗೆಲ್ಲ ಒಂದು ಬೀಳ್ಕೊಡುಗೆಯ ಊಟ ಹಾಕಬೇಕೆಂದು ನನಗೆ ತೋರಿತು. ಸಾಮಾನು ಧನಿಗಳ ಅಂಗಡಿಯಿಂದ ಬಂತು. ಕನ್ನಡ, ತುಳು, ಕೊಂಕಣಿ, ತಮಿಳು, ಮಲಯಾಳ ಮಾತನಾಡುವ ನೆರೆಹೊರೆಯವರೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ನನ್ನ ಔದಾರ್ಯವನ್ನು ಬಾಯ್ತುಂಬ ಹೊಗಳಿದರು. ವಾರದೊಳಗೆ ನಸುಕಿನಲ್ಲಿ ಲಾರಿ ಬಂತು. ನಾವು ಹೊರಡುವಾಗ ಅಂಗಡಿಯ ಬಾಗಿಲು ತೆರೆದಿರಲಿಲ್ಲ. ಮುಂದಿನ ವಾರ ಬಂದು ಕೊಟ್ಟರಾಯಿತೆಂದುಕೊಂಡೆ. ಮುಂದಿನ ವಾರ ಮಗಳನ್ನು ಹೊಸ ಶಾಲೆಗೆ ಸೇರಿಸುವ ಓಡಾಟ. ಮುಂದಿನ ತಿಂಗಳು ಬಾಡಿಗೆ ಮನೆಯ ಮುಂಗಡ. ವರ್ಷ ಕಳೆಯಿತು. ಮೊದಲು ಪುರುಸೊತ್ತಿಲ್ಲದೆ ಹೋಗಲಿಲ್ಲ. ಆಮೇಲೆ ಇಷ್ಟು ದಿನ ಹೋಗಲಿಲ್ಲವಲ್ಲ ಎಂಬ ನಾಚಿಕೆಯಿಂದ ಹೋಗಲಿಲ್ಲ. ಅನಂತರ ಮರೆತೆ, ಅಥವಾ ಮರೆತೆನೆಂದು ನನಗೆ ನಾನೇ ಹೇಳಿಕೊಂಡೆ.

ಬಸ್ಸಿನಲ್ಲಿ ಹೋಗೆಂದು ಮನೆಯವಳು ಹೇಳಿದಳು. ಆದರೆ ಆ ಊರಿನ ಸಂಬಳದಲ್ಲಿ ಕೊಂಡ ಹಳೆಯ ಹೀರೋ ಹೋಂಡಾ ಸ್ಪ್ಲೆಂಡರ್ ಇನ್ನೂ ನನ್ನಲ್ಲಿದೆ, ಅದರಲ್ಲೇ ಹೋಗಬೇಕೆನಿಸಿತು. ಮಂಗಳೂರಿನಿಂದ ಬೆಳಿಗ್ಗೆ ಬೇಗ ಹೊರಟು ಮೂಡುಬಿದಿರೆ, ಕಾರ್ಕಳ, ಬಜಗೋಳಿ ದಾಟಿ ಮಾಳದ ಅರಣ್ಯ ತಪಾಸಣಾ ಗೇಟನ್ನು ತಲುಪಿದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಕಾಡು ಅದು. ಒಳಹೋಗುವ ವಾಹನದ ಸಮಯವನ್ನು ಬರೆದುಕೊಳ್ಳುತ್ತಾರೆ, ದಾರಿಯಲ್ಲಿ ಕಾಲಹರಣ ಮಾಡುವಂತಿಲ್ಲ. ಮೇಲೇರಿದಂತೆ ಗಾಳಿ ತಣ್ಣಗಾಯಿತು. ತಿರುವುಗಳಲ್ಲಿ ಎರಡನೆಯ ಗೇರಿಗೆ ಇಳಿಸಿದಾಗ ನನ್ನ ಮೊಣಕಾಲೂ ಗಾಡಿಯೂ ಒಟ್ಟಿಗೇ ನರಳಿದವು. ಎಸ್.ಕೆ. ಬಾರ್ಡರಿನಲ್ಲಿ ಶೃಂಗೇರಿಯ ದಾರಿಯನ್ನು ಬಿಟ್ಟು ಕುದುರೆಮುಖದ ದಾರಿ ಹಿಡಿದೆ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲ ಈ ಭಾಗದಲ್ಲೇ ಇದೆ. ಹದಿನಾರು ವರ್ಷ ಆ ನೀರನ್ನು ಕುಡಿದಿದ್ದರೂ, ನದಿಗೆ ನಮ್ಮಿಂದ ಏನು ಹೋಗುತ್ತಿದೆಯೆಂದು ನಾನು ಒಮ್ಮೆಯೂ ಯೋಚಿಸಿದವನಲ್ಲ.

ಅಗೆದ ಬೆಟ್ಟದ ಮೆಟ್ಟಿಲುಗಳ ಮೇಲೆ ಹುಲ್ಲು ಹಬ್ಬಿದೆ. ಅದಿರು ತೆಗೆದು ಉಳಿದ ಮಣ್ಣನ್ನು ತಡೆದಿಡಲು ಲಕ್ಯಾ ಹೊಳೆಗೆ ಕಟ್ಟಿದ ಅಣೆಕಟ್ಟು ಹಾಗೆಯೇ ನಿಂತಿದೆ. ನಮ್ಮ ಸಾಲಿನ ಮನೆಗಳಲ್ಲಿ ಹಲವಕ್ಕೆ ಬಾಗಿಲುಗಳಿಲ್ಲ. ನಾನಿದ್ದ ಮನೆಯ ಅಡುಗೆಕೋಣೆಯಲ್ಲಿ ಜರೀಗಿಡ ಬೆಳೆದಿತ್ತು. ಮಗಳ ಎತ್ತರವನ್ನು ವರ್ಷವರ್ಷವೂ ಗುರುತು ಹಾಕುತ್ತಿದ್ದ ಗೋಡೆಯನ್ನು ಪಾಚಿ ಮುಚ್ಚಿತ್ತು. ಧನಿಗಳ ಅಂಗಡಿಯಿದ್ದ ಜಾಗದಲ್ಲಿ ತುಕ್ಕು ಹಿಡಿದ ಶಟರು. ಚಹಾ ಮಾರುತ್ತಿದ್ದ ಹುಡುಗನನ್ನು ವಿಚಾರಿಸಿದೆ. "ಅವರು ತೀರಿಹೋಗಿ ಎಂಟು ವರ್ಷವಾಯಿತು, ಸಾರ್. ಮಗನಿಗೆ ಕಳಸದಲ್ಲಿ ಅಂಗಡಿಯಿದೆ" ಎಂದ.

ಸಂಸೆಯ ಮೇಲಾಗಿ ಕಳಸಕ್ಕೆ ಹೋದೆ. ಮಗನಿಗೆ ಈಗ ನಲವತ್ತೈದರ ವಯಸ್ಸು. ನಾನು ಪುಸ್ತಕವನ್ನು ಅವರ ಮುಂದಿಟ್ಟೆ. ಹತ್ತು ಸಾವಿರ ರೂಪಾಯಿಯ ಲಕೋಟೆಯನ್ನೂ ಇಟ್ಟೆ. ಅವರು ತಂದೆಯ ಅಕ್ಷರವನ್ನು ಬಹಳ ಹೊತ್ತು ನೋಡಿದರು. ಲಕೋಟೆಯಿಂದ 2,200 ರೂಪಾಯಿಯನ್ನು ತೆಗೆದುಕೊಂಡು, ಮೂವತ್ತಾರು ರೂಪಾಯಿ ಚಿಲ್ಲರೆಯನ್ನೂ ಉಳಿದ ಹಣವನ್ನೂ ನನ್ನ ಕಡೆಗೆ ಸರಿಸಿದರು.

"ಬಡ್ಡಿಯೆಂದು ಇಟ್ಟುಕೊಳ್ಳಿ" ಎಂದೆ.

"ಅಪ್ಪ ಬಡ್ಡಿಗೆ ಕೊಟ್ಟವರಲ್ಲ, ಸಾರ್. ಸಾಮಾನು ಕೊಟ್ಟವರು."

ಮತ್ತೆ, ಕೋಪವಿಲ್ಲದೆ, ಲೆಕ್ಕ ಓದಿ ಹೇಳುವವರಂತೆ ಹೇಳಿದರು: "ಆಗ ಬಾಕಿಯಿಟ್ಟು ಹೋದವರು ನೀವೊಬ್ಬರೇ ಅಲ್ಲ. ಸುಮಾರು ನಲವತ್ತು ಮನೆಗಳಿದ್ದವು. ಸಗಟು ಅಂಗಡಿಯವರಿಗೆ ಕೊಡಲು ಅಮ್ಮನ ಬಳೆಗಳನ್ನು ಮಾರಿದೆವು."

ಏನು ಹೇಳಲಿ? ನನ್ನ ಪಾಲಿಗೆ ಅದು 2,164 ರೂಪಾಯಿಯ ಸಣ್ಣ ಬಾಕಿ. ನಲವತ್ತು ಮಂದಿಯೂ ತಂತಮ್ಮ ಬಾಕಿಯನ್ನು ಸಣ್ಣದೆಂದೇ ಭಾವಿಸಿದ್ದಿರಬೇಕು. ಅವೆಲ್ಲ ಕೂಡಿ ಒಬ್ಬ ತಾಯಿಯ ಕೈ ಬರಿದಾಯಿತು. ನನ್ನ ಔದಾರ್ಯವೆಂದು ಊರು ಹೊಗಳಿದ ಆ ಊಟವನ್ನು ಬಡಿಸಿದವಳು ನಿಜವಾಗಿ ಆಕೆ.

ಅವರು ಒಳಗಿದ್ದರು. ನನ್ನ ಗುರುತು ಹತ್ತಲಿಲ್ಲ. ಮಗ ಹೇಳಿದ ಮೇಲೆ, "ಓ, ಬೆಲ್ಲದ ತುಂಡಿಗೆ ಹಟ ಮಾಡುತ್ತಿದ್ದ ಹುಡುಗಿಯ ಅಪ್ಪನಾ? ಮಗಳು ಹೇಗಿದ್ದಾಳೆ?" ಎಂದು ಕೇಳಿದರು. ಚೆನ್ನಾಗಿದ್ದಾಳೆ, ಅವಳಿಗೂ ಈಗ ಮಗಳಿದ್ದಾಳೆ ಎಂದೆ. ಕಾಫಿ ಕೊಟ್ಟರು. ಹಣದ ಮಾತನ್ನು ಅವರು ಎತ್ತಲಿಲ್ಲ. ಕ್ಷಮೆ ಕೇಳಬೇಕೆಂದು ಹೋದ ನನಗೂ ಅವರ ಕೈಗಳನ್ನು ನೋಡುತ್ತ ಮಾತು ಹೊರಡಲಿಲ್ಲ. ಹೊರಡುವ ಮುನ್ನ ಮಗ ಪುಸ್ತಕದ ಕೊನೆಯ ಪುಟದಲ್ಲಿ 'ಪಾವತಿಯಾಗಿದೆ' ಎಂದು ಬರೆದುಕೊಟ್ಟರು. ಅಕ್ಷರ ತಂದೆಯದರಂತೆ ದುಂಡಗಿರಲಿಲ್ಲ.

ಕತ್ತಲಾಗುವ ಮೊದಲು ಕಾಡಿನ ಗೇಟನ್ನು ದಾಟಬೇಕಿತ್ತು. ಮರಳುವ ದಾರಿಯಲ್ಲಿ ಭದ್ರೆ ಬದಿಯಲ್ಲಿ ಹರಿಯುತ್ತಿದ್ದಳು. ಆ ನದಿಗೂ ಆ ಬೆಟ್ಟಕ್ಕೂ ನಾನು ಸಲ್ಲಿಸಬೇಕಾದುದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ. ಅದಕ್ಕೆ ಪಾವತಿ ಬರೆದುಕೊಡುವವರೂ ಇಲ್ಲ. ಹುಲ್ಲು ಮಾತ್ರ ತನ್ನಷ್ಟಕ್ಕೆ ಗಾಯವನ್ನು ಮುಚ್ಚುತ್ತಿದೆ.

ಓದುಗರೇ, ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲೂ ಇಂಥದೊಂದು ಪುಸ್ತಕವಿರಬಹುದು. ಅದರಲ್ಲಿರುವುದು ಹಣವೇ ಆಗಬೇಕೆಂದಿಲ್ಲ. ಹೇಳದೆ ಉಳಿಸಿದ ಕೃತಜ್ಞತೆಯಾಗಿರಬಹುದು, ಕೇಳದೆ ಉಳಿಸಿದ ಕ್ಷಮೆಯಾಗಿರಬಹುದು. ನಾಚಿಕೆ ಕಡಿಮೆಯಾಗಲೆಂದು ಕಾಯಬೇಡಿ. ಕಾದಷ್ಟೂ ಅದು ಬೆಳೆಯುತ್ತದೆ. ನಾನು ಎಂಟು ವರ್ಷ ಮೊದಲು ಹೊರಟಿದ್ದರೆ, ಆ ಕೊನೆಯ ಪುಟದ ಅಕ್ಷರವೂ ದುಂಡಗೇ ಇರುತ್ತಿತ್ತು.