ಬಿಲ್ಲೆ ಕಿತ್ತ ಬಗೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿಯೊಂದು ಕಾಶಿಯಲ್ಲಿ ನನ್ನ ಪಾಲಿಗೆ ಬಂದಿದೆ, ಬಣ್ಣವೂ ಕಾರ್ಖಾನೆಯದೇ. ಹಿಂದಿನ ಒಡೆಯರು ಟ್ಯಾಂಕಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಬಿಲ್ಲೆಗಳನ್ನು ಕೀಳಬೇಕಿತ್ತು.

ಮೆಕ್ಯಾನಿಕ್ ಮಹಾಶಯರು ಥಿನ್ನರ್ ಎಂದರು. ಅದು ಅಂಟಿನ ಜೊತೆಗೆ ಬಣ್ಣವನ್ನೂ ಕರಗಿಸೀತು! ಬಿ.ಎಸ್ಸಿ. ಓದಿದ್ದು ಬರೀ ಕಡತ ತಿರುವುವುದಕ್ಕಲ್ಲವಲ್ಲ. ಅಂಟು ಕಾದರೆ ಮೆತ್ತಗಾಗುತ್ತದೆ. ಮನೆಯಾಕೆಯ ಹೇರ್ ಡ್ರೈಯರನ್ನು ತುಸು ದೂರದಿಂದ ಆಡಿಸಿ, ಬೆರಳು ತಡೆಯುವಷ್ಟೇ ಬಿಸಿಮಾಡಿ, ಗಾಳದ ನೈಲಾನ್ ದಾರವನ್ನು ಬಿಲ್ಲೆಯಡಿ ಗರಗಸದಂತೆ ಎಳೆದಾಡಿದೆ. (ಚಾಕು, ಬ್ಲೇಡು ಹತ್ತಿರ ಸುಳಿಯಬಾರದು.) ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಅರ್ಧ ಗಂಟೆ ನೆನೆಯಬಿಟ್ಟು, ಹಳೆಯ ಪಂಚೆಯ ಚೂರಿನಿಂದ ಒರೆಸಿ, ಸೋಪುನೀರಿನಲ್ಲಿ ತೊಳೆದೆ.

ಬಿಲ್ಲೆಯಡಿ ಬಿಸಿಲು ಕಾಣದಿದ್ದ ಬಣ್ಣ ಗಾಢವಾಗಿ ಉಳಿದಿದೆ. ಪಾಲಿಶ್ ತಿಕ್ಕಿ ಸಮಮಾಡಿಸಿ ಎನ್ನುತ್ತಾರೆ ಮಿತ್ರರು. ಮೈಸೂರಿನಲ್ಲಿ ಹಚ್ಚಿದಾಗ ಹೀಗೇ ಇತ್ತಲ್ಲವೆ? ಹಾಗೆಯೇ ಬಿಟ್ಟಿದ್ದೇನೆ.