ಎರಡು ಬಾರಿ ಕಿತ್ತ ಗೋಲುಕಂಬಗಳು

ಮಗ ಆಟದ ಮೈದಾನದಿಂದ ಮನೆಗೆ ಮರಳಿದಾಗ ನೀವು ಕೇಳುವ ಮೊದಲ ಪ್ರಶ್ನೆ ಯಾವುದು? ‘ಗೆದ್ದಿರಾ?’ ಎಂದಲ್ಲವೇ? ನಾನೂ ಬಹುಕಾಲ ಹಾಗೆಯೇ ಕೇಳುತ್ತಿದ್ದೆ. ಒಂದು ಸಂಜೆ ನನ್ನ ಮಗ ಉತ್ತರಿಸಲಿಲ್ಲ. ಷೂ ಬಿಚ್ಚಿ, ಊಟಕ್ಕೂ ಬಾರದೆ ಗೋಡೆಯ ಕಡೆಗೆ ಮುಖಮಾಡಿ ಮಲಗಿಬಿಟ್ಟ. ಅಂದಿನಿಂದ ಅಮೆರಿಕದ ಒಂದು ಕಾಲೇಜು ತಂಡದ ಕಥೆ ನನ್ನ ಮನಸ್ಸಿನಲ್ಲಿ ಮತ್ತೆ ಮತ್ತೆ ಸುಳಿಯುತ್ತಿದೆ.

ಶಿಕಾಗೊ ನಗರಕ್ಕೆ ಹೊಂದಿಕೊಂಡಿರುವ ಇವಾನ್‌ಸ್ಟನ್‌ನಲ್ಲಿ, ಮಿಷಿಗನ್ ಸರೋವರದ ದಡದಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯವಿದೆ. 1851ರಲ್ಲಿ ಮೆಥೊಡಿಸ್ಟ್ ಸಭೆಯವರು ಸ್ಥಾಪಿಸಿದ ಸಂಸ್ಥೆ ಅದು. ಅಲ್ಲಿಯವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗುವ ಆಟ. ವಿಶ್ವವಿದ್ಯಾನಿಲಯಗಳು ‘ಕಾನ್ಫರೆನ್ಸ್’ ಎಂಬ ಕೂಟ ಕಟ್ಟಿಕೊಂಡು ವರ್ಷವರ್ಷವೂ ತಮ್ಮೊಳಗೇ ಸೆಣಸುತ್ತವೆ. ನಾರ್ತ್‌ವೆಸ್ಟರ್ನ್ ಇರುವ ಕೂಟ ಬಿಗ್ ಟೆನ್. ಮಿಷಿಗನ್, ಒಹಾಯೊ ಸ್ಟೇಟ್‌ನಂಥ ದೈತ್ಯರಿರುವ ಕೂಟ.

1981ರಲ್ಲಿ ಈ ತಂಡ ಹನ್ನೊಂದು ಪಂದ್ಯಗಳನ್ನಾಡಿ ಹನ್ನೊಂದರಲ್ಲೂ ಸೋತಿತು. ಅವುಗಳಲ್ಲಿ ಒಂಬತ್ತು ಕಾನ್ಫರೆನ್ಸ್ ಪಂದ್ಯಗಳು. ಇಡೀ ಋತುವಿನಲ್ಲಿ ಗಳಿಸಿದ ಅಂಕ 82, ಬಿಟ್ಟುಕೊಟ್ಟದ್ದು 505. ನವೆಂಬರ್ 7ರಂದು ಸ್ವಂತ ಮೈದಾನದಲ್ಲೇ ಮಿಷಿಗನ್ ಸ್ಟೇಟ್ ಎದುರು 61–14ರಿಂದ ಸೋತಾಗ ಅದು ಸತತ 29ನೆಯ ಸೋಲು. ಆ ದರ್ಜೆಯಲ್ಲಿ ಅಂದಿಗೆ ಅದೊಂದು ದಾಖಲೆ. ಆಗ ನಡೆದದ್ದೇನು ಗೊತ್ತೇ? ಅದೇ ಕಾಲೇಜಿನ ವಿದ್ಯಾರ್ಥಿಗಳು ಮೈದಾನಕ್ಕೆ ನುಗ್ಗಿ, ‘ನಾವೇ ಎಲ್ಲರಿಗಿಂತ ಕಡೆ’ ಎಂಬರ್ಥದ ಘೋಷಣೆ ಕೂಗುತ್ತ ಗೋಲುಕಂಬಗಳನ್ನು ಕಿತ್ತುಹಾಕಿದರು!

ಇದನ್ನು ತಮಾಷೆಯೆಂದು ಹೇಳುವವರುಂಟು. ಹದಿಹರೆಯದ ನಗುವಿನ ಮೇಲೆ ನನಗೂ ಕೋಪವಿಲ್ಲ. ಆದರೆ ನಕ್ಕವರು ಹಾಸ್ಟೆಲಿಗೆ ಹೋಗಿ ಮಲಗಬಹುದಿತ್ತು. ಮೈಯೆಲ್ಲ ನೊಂದು, ಆ ಗದ್ದಲದ ನಡುವೆಯೇ ತಲೆತಗ್ಗಿಸಿ ಹೊರನಡೆದ ಹುಡುಗರಿಗೆ ಇನ್ನೂ ಎರಡು ಪಂದ್ಯಗಳು ಉಳಿದಿದ್ದವು. ಎರಡನ್ನೂ ಆಡಿದರು, ಎರಡರಲ್ಲೂ ಸೋತರು. ಸೋಲಿಗಿಂತ ತಮ್ಮವರ ಆ ಸಂಭ್ರಮವೇ ಅವರನ್ನು ಹೆಚ್ಚು ಇರಿದಿರಬೇಕೆಂದು ನನಗನ್ನಿಸುತ್ತದೆ. ನನ್ನ ‘ಗೆದ್ದಿರಾ?’ ಎಂಬ ಪ್ರಶ್ನೆಯೂ ಅದೇ ಜಾತಿಯದಾಗಿತ್ತೇನೋ.

ಮರುವರ್ಷ ಸೋಲಿನ ಸರಣಿ 34ಕ್ಕೇರಿತು. 1982ರ ಸೆಪ್ಟೆಂಬರ್ 25ರಂದು ನಾರ್ದರ್ನ್ ಇಲಿನಾಯ್ ತಂಡವನ್ನು 31–6ರಿಂದ ಮಣಿಸಿದಾಗ ವಿದ್ಯಾರ್ಥಿಗಳು ಮತ್ತೆ ಗೋಲುಕಂಬ ಕಿತ್ತರು. ಈ ಸಲ ಹೊತ್ತೊಯ್ದು ಸರೋವರಕ್ಕೆ ಎಸೆದರು. ಅಷ್ಟಾದರೂ ಆ ವರ್ಷದ ಲೆಕ್ಕ ಮೂರು ಗೆಲುವು, ಎಂಟು ಸೋಲು. ಕಾನ್ಫರೆನ್ಸ್‌ನಲ್ಲಿ ಎರಡು ಗೆಲುವು, ಏಳು ಸೋಲು. ಬಿಗ್ ಟೆನ್‌ನ ಮೊದಲ ಕಪ್ಪುವರ್ಣೀಯ ಮುಖ್ಯ ತರಬೇತುದಾರ ಡೆನಿಸ್ ಗ್ರೀನ್ ಅವರಿಗೆ, ಸೋಲೇ ಹೆಚ್ಚಾಗಿದ್ದ ಆ ವರ್ಷವೇ, ಕೂಟದ ವರ್ಷದ ತರಬೇತುದಾರ ಎಂಬ ಗೌರವ ಸಂದಿತು. ಯಾರೋ ಅಂಕಪಟ್ಟಿಯಾಚೆಗೂ ಕಣ್ಣು ಹಾಯಿಸಿದ್ದರು.

1995ರಲ್ಲಿ ಇದೇ ಕಾಲೇಜು ಕಾನ್ಫರೆನ್ಸ್‌ನ ಎಂಟಕ್ಕೆ ಎಂಟೂ ಪಂದ್ಯಗಳನ್ನು ಗೆದ್ದು ಬಿಗ್ ಟೆನ್ ಕಿರೀಟ ಧರಿಸಿತು. ಹೇಳುವವರೆಲ್ಲ ಕಥೆಯನ್ನು ಅಲ್ಲಿಗೆ ತಂದು ನಿಲ್ಲಿಸುತ್ತಾರೆ. ನನಗೋ 1981ರ ಹುಡುಗರೇ ಹತ್ತಿರದವರು.

ಈಗ ಮಗ ಬಂದೊಡನೆ ಫಲಿತಾಂಶ ಕೇಳುವುದನ್ನು ಬಿಟ್ಟಿದ್ದೇನೆ. ಮೊನ್ನೆ ಅವನೇ ಬಾಗಿಲಲ್ಲಿ ನಿಂತು ಹೇಳಿದ: “ಅಪ್ಪಾ, ಇವತ್ತೂ ಸೋತ್ವಿ. ತುಂಬಾ ಹಸಿವು.”