ಹೊಸೂರು, ಓಸೂರು

ಹೆಣ್ಣುಮಕ್ಕಳಿರುವ ಮನೆಯಲ್ಲಿ ಸದ್ದು ಹೆಚ್ಚೆಂದು ನೆರೆಹೊರೆಯವರು ಹೇಳುವುದುಂಟು. ಆ ಸದ್ದು ನಿಂತ ಮೇಲೆ ಮನೆ ಎಷ್ಟು ದೊಡ್ಡದಾಗಿಬಿಡುತ್ತದೆಂಬುದನ್ನು ಮಾತ್ರ ಯಾರೂ ಮುಂಚಿತವಾಗಿ ಹೇಳುವುದಿಲ್ಲ. ನಮ್ಮ ಹಿರಿಯ ಮಗಳು ಕೆಲಸಕ್ಕೆಂದು ಬೆಂಗಳೂರಿಗೂ ಕಿರಿಯವಳು ಕೊಯಮತ್ತೂರಿಗೂ ಹೊರಟುಹೋದ ಮೇಲೆ ನಮಗೆ ಆ ವಿಷಯ ತಿಳಿಯಿತು. ಕಳೆದ ಫಾಲ್ಗುಣದಲ್ಲಿ ಚಂದ್ರಚೂಡೇಶ್ವರನ ತೇರಿಗೆ ಇಬ್ಬರೂ ಬಂದಿದ್ದರು. ತೇರು ಮುಗಿದ ಮರುದಿನ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ಇಳಿಸಿದರು. ಅದರೊಳಗೆ ಒಂದರ ಮೇಲೊಂದು ಎರಡು ಶಾಲೆಯ ಪುಸ್ತಕಗಳಿದ್ದುವು. ಒಂದರ ಮೇಲೆ ಕನ್ನಡದಲ್ಲಿ ‘ಹೊಸೂರು’ ಎಂದಿದೆ. ಇನ್ನೊಂದರ ಮೇಲೆ ತಮಿಳಿನಲ್ಲಿ ‘ಓಸೂರ್’ ಎಂದಿದೆ. ಊರು ಒಂದೇ, ಮನೆ ಒಂದೇ. ಹೊದಿಕೆಗೆ ಹಾಕಿದ ಕಾಗದವೂ ಒಂದೇ. ಇಷ್ಟನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿತು.

ಇಲ್ಲಿ ‘ನಾವು’ ಎಂದರೆ ಆ ಮಕ್ಕಳ ತಂದೆತಾಯಿಗಳಾದ ನಾವಿಬ್ಬರೂ ಎಂದು ವಾಚಕರು ತಿಳಿಯಬೇಕು. ಬರೆದ ಕೈ ಒಬ್ಬರದು, ನೆನಪು ಇಬ್ಬರದು. ಮುಂದೆ ಬರುವ ತಪ್ಪೂ ಇಬ್ಬರದೇ.

ನಮ್ಮ ಸೀಮೆಯ ಜನಕ್ಕೆ ಭಾಷೆಯೆಂಬುದು ಮೈಮೇಲಿನ ಬಟ್ಟೆಯಂತೆ, ಹೊತ್ತಿಗೊಂದು, ಕೆಲಸಕ್ಕೊಂದು. ಹಾಲು ತರುವವರೊಡನೆ ತೆಲುಗು, ತರಕಾರಿಯ ಅಂಗಡಿಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೊಸೂರು ಮದರಾಸಿನ ಕಡೆಗೇ ಉಳಿಯಿತು. ಆಗ ಅದು ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ತಳಿಯ ಕಡೆಯ ಹಳ್ಳಿಯಲ್ಲಿ ಹುಟ್ಟಿದ ಅಜ್ಜಿಯದು ಸೇಲಂ ಜಿಲ್ಲೆ. ನಮ್ಮದು ಧರ್ಮಪುರಿ ಜಿಲ್ಲೆ. ಮಕ್ಕಳು ಶಾಲೆಗೆ ಸೇರುವ ವೇಳೆಗೆ ಕೃಷ್ಣಗಿರಿ ಜಿಲ್ಲೆ. ಮೂರು ತಲೆಮಾರಿನವರು ಮೂರು ಜಿಲ್ಲೆಯವರಾದೆವು, ಯಾರೊಬ್ಬರೂ ಮನೆ ಬದಲಿಸಲಿಲ್ಲ! ಊರಿಗೆ ಸಮೀಪದ ತೊರಪ್ಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರೂ ಕಾಲೇಜಿಗೆ ಹೋದದ್ದು ಬೆಂಗಳೂರಿಗೇ. ಇಲ್ಲಿಯ ಮಕ್ಕಳಿಗೆ ಎರಡು ಕಡೆಯ ದಾರಿಯೂ ಹಿಂದಿನಿಂದ ತೆರೆದೇ ಇದೆ.

ನಮ್ಮ ಹಿರಿಯ ಮಗಳು 2004ರ ಜೂನ್ ತಿಂಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗೆ ಸೇರಿದಳು. ಎರಡು ವರ್ಷ ಕಿರಿಯಳಾದ ತಂಗಿಯ ಪಾಲಿಗೆ ಅಕ್ಕ ಬಿಟ್ಟದ್ದೆಲ್ಲವೂ ಬರುತ್ತಿತ್ತು. ಅಕ್ಕನ ಲಂಗ, ಅಕ್ಕನ ಸ್ಲೇಟು, ಅಕ್ಕನ ಮುರಿದ ಕೊಡೆ. ಕಿರಿಯ ಮಕ್ಕಳು ಇದನ್ನು ಕುಂದೆಂದು ಭಾವಿಸುವುದುಂಟು. ನಮ್ಮವಳಿಗೆ ಅದೇ ದೊಡ್ಡ ಐಶ್ವರ್ಯ. ಅಕ್ಕನ ಒಂದನೆಯ ತರಗತಿಯ ಕನ್ನಡ ಪುಸ್ತಕವನ್ನು ಶಾಲೆಗೆ ಸೇರುವ ಮೊದಲೇ ತನ್ನದೆಂದು ಹೇಳಿಕೊಂಡು, ರಾತ್ರಿ ದಿಂಬಿನ ಕೆಳಗಿಟ್ಟು ಮಲಗುತ್ತಿದ್ದಳು.

2006ರಲ್ಲಿ ಅವಳು ಒಂದನೆಯ ತರಗತಿಗೆ ಬಂದಳು. ತಮಿಳುನಾಡಿನಲ್ಲಿ ತಮಿಳು ಕಲಿಕೆಯ ಕಾಯಿದೆ ಬಂದುದು ಅದೇ ವರ್ಷ. ಆ ವರ್ಷ ಒಂದನೆಯ ತರಗತಿಗೆ ಸೇರಿದ ಮಕ್ಕಳಿಂದ ಮೊದಲುಗೊಂಡು ತಮಿಳು ಮೊದಲ ಭಾಷೆಯಾಯಿತು. ತಾಯ್ನುಡಿ ಬೇರೆಯಾದವರು ಅದನ್ನು ಐಚ್ಛಿಕವಾಗಿ ಓದಬಹುದೆಂದಾಯಿತು. ಮೇಲಿನ ತರಗತಿಯವರಿಗೆ ಹಳೆಯ ಕ್ರಮವೇ ಉಳಿಯಿತು. ಹೀಗೆ ಒಂದೇ ಶಾಲೆಗೆ ಕೈ ಹಿಡಿದುಕೊಂಡು ಹೋಗುವ ಅಕ್ಕತಂಗಿಯರ ನಡುವೆ ಒಂದು ಗೆರೆ ಬಿದ್ದಿತು. ಲಂಗ ಬಂದಿತು, ಕೊಡೆ ಬಂದಿತು, ಲೆಕ್ಕದ ಪುಸ್ತಕವೂ ಬಂದಿತು. ಅಕ್ಕನ ಭಾಷೆಯ ಪುಸ್ತಕ ಮಾತ್ರ ತಂಗಿಗೆ ಇಳಿದು ಬರಲಿಲ್ಲ.

ಆ ಸಂಜೆ ಅವಳು ಹೊಸ ತಮಿಳು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, “ಅಕ್ಕನ ಪುಸ್ತಕ ನನಗೇಕಿಲ್ಲ?” ಎಂದು ಕೇಳಿದಳು. ಕಾಯಿದೆಯನ್ನು ಐದು ವರ್ಷದ ಮಗುವಿಗೆ ಹೇಗೆ ತಿಳಿಸುವುದು? ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಉತ್ತರ ಕೊಟ್ಟವಳು ಅಕ್ಕ. “ನಿನಗೆ ಎರಡು ಪುಸ್ತಕ ಕಣೇ, ನನಗೆ ಒಂದೇ. ಇದನ್ನು ನಾನು ಹೇಳಿಕೊಡುತ್ತೇನೆ, ಅದನ್ನು ನೀನು ನನಗೆ ಹೇಳಿಕೊಡು” ಎಂದಳು. ಅಂದಿನಿಂದ ದೀಪ ಹಚ್ಚಿದ ಮೇಲೆ ನಮ್ಮ ನಡುಮನೆಯಲ್ಲಿ ಎರಡು ಮಠಗಳು ನಡೆದುವು. ಮೊದಲ ಅರ್ಧ ಗಂಟೆ ಅಕ್ಕ ಗುರು, ತಂಗಿ ಶಿಷ್ಯೆ. ಮುಂದಿನ ಅರ್ಧ ಗಂಟೆ ಶಿಷ್ಯೆಯೇ ಗುರು. ಎರಡನೆಯ ಮಠದಲ್ಲಿ ಶಿಸ್ತು ಹೆಚ್ಚು. ತಂಗಿ ಅಡುಗೆಮನೆಯ ಲಟ್ಟಣಿಗೆಯನ್ನು ಕೈಯಲ್ಲಿ ಹಿಡಿದೇ ಪಾಠ ಹೇಳುತ್ತಿದ್ದಳು.

ತಮಿಳಿನಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರ. ಗಣಪತಿ ಎಂದು ಬರೆಯಹೊರಟ ಅಕ್ಕ, “ಇದು ಕಣಪತಿಯಾಯಿತಲ್ಲೇ!” ಎಂದು ಆಕ್ಷೇಪಿಸಿದಳು. “ಗಣಪತಿಗೆ ಗೊತ್ತಾಗುತ್ತದೆ, ನೀನು ಬರೆ” ಎಂದು ಗುರುವಿನ ಅಪ್ಪಣೆಯಾಯಿತು. ಇನ್ನೊಂದು ದಿನ ಊರಿನ ಹೆಸರಿನ ಸರದಿ. ಬಸ್ಸಿನ ಹಲಗೆಯ ಮೇಲಿರುವಂತೆ ತಂಗಿ ‘ಓಸೂರ್’ ಎಂದು ಬರೆದಳು. “ಹೊಸೂರಿನ ಹ ಎಲ್ಲಿ ಹೋಯಿತು?” ಎಂದು ಅಕ್ಕ ಕೇಳಿದಳು. ತಂಗಿ ಸ್ವಲ್ಪ ಯೋಚಿಸಿ, “ಅತ್ತಿಬೆಲೆ ದಾಟುವಾಗ ಬಸ್ಸಿನಿಂದ ಬಿದ್ದುಹೋಯಿತು” ಎಂದಳು. ಗಡಿಯ ವಿಚಾರವಾಗಿ ದೊಡ್ಡವರು ಬರೆದುದನ್ನು ನಾವು ಸಾಕಷ್ಟು ಓದಿದ್ದೇವೆ. ಇಷ್ಟು ಚಿಕ್ಕದಾಗಿ ಹೇಳಿದವರನ್ನು ಕಂಡಿಲ್ಲ.

ಕೆಲವು ವರ್ಷಗಳ ತರುವಾಯ ಹಿರಿಯವಳು ಶಾಲೆಯಿಂದ ಒಂದು ಹೊಸ ಸುದ್ದಿ ತಂದಳು. ಹಳಗನ್ನಡದ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತೆಂದು ಮೇಷ್ಟರು ಹೇಳಿದರಂತೆ. ಪಾಲ್ ಎಂಬುದು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ತಂಗಿ ಕಣ್ಣರಳಿಸಿ, “ಪಾಲ್, ಪುಲಿ, ಪೂ! ಇದೆಲ್ಲ ನಮ್ಮ ತಮಿಳು ಪುಸ್ತಕದಲ್ಲೇ ಇದೆ!” ಎಂದು ಕೂಗಿದಳು. ಆಮೇಲೆ ಒಂದು ವಾರ ಮನೆಯಲ್ಲಿ ಬೇರೆ ಆಟವೇ ಇಲ್ಲ. ಅಳಿಗುಳಿಮಣೆ ಮೂಲೆ ಸೇರಿತು. ಒಬ್ಬಳು ಪಗಲ್ ಎಂದರೆ ಒಬ್ಬಳು ಹಗಲು. ಪಲ್ ಎಂದರೆ ಹಲ್ಲು. ಪಣಂ ಎಂದರೆ ಹಣ. ಆ ಸೋಮವಾರ ಬೆಳಿಗ್ಗೆ ಕಿರಿಯವಳು ಶಾಲೆಗೆ ಹೊರಡಲಿಲ್ಲ. ಕೇಳಿದರೆ, “ತಮಿಳಿನಲ್ಲಿ ಶಾಲೆಗೆ ಪಳ್ಳಿ ಎನ್ನುತ್ತಾರೆ. ಅಕ್ಕನ ಲೆಕ್ಕದಲ್ಲಿ ಪಳ್ಳಿ ಎಂದರೆ ಹಳ್ಳಿ. ಆದ್ದರಿಂದ ನಾನು ಅಜ್ಜಿಯ ಹಳ್ಳಿಗೆ ಹೋಗಬೇಕು” ಎಂದಳು. ವಾದದಲ್ಲಿ ದೋಷ ಹುಡುಕಲು ನಮಗೆ ಸಾಧ್ಯವಾಗಲಿಲ್ಲ. ಕೈ ಹಿಡಿದು ಶಾಲೆಗೇ ಬಿಟ್ಟು ಬಂದೆವು.

ಹೊಸ ಎಂಬ ಮಾತೂ ಹಿಂದೆ ಪೊಸ ಎಂದಿತ್ತಷ್ಟೆ. ನಾವು ಅಭಿಮಾನದಿಂದ ಹಿಡಿದುಕೊಂಡಿರುವ ಹಕಾರವೂ ನಮ್ಮ ಊರಿನ ಹೆಸರಿನಲ್ಲಿ ನಡುವೆ ಬಂದ ನೆಂಟನೇ! ಈ ಮಾತನ್ನು ಮಕ್ಕಳು ನಮಗೆ ಕಲಿಸಿದರು.

2009ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯೂ ಕೆಲವೇ ದಿನಗಳ ಅಂತರದಲ್ಲಿ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡವು. ಪತ್ರಿಕೆಯ ಚಿತ್ರಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿ, ನಮ್ಮ ಮಕ್ಕಳೂ ಒಂದು ಒಪ್ಪಂದ ಮಾಡಿಕೊಂಡರು. ಅಕ್ಕ ದಿನಕ್ಕೊಂದು ಸರ್ವಜ್ಞನ ವಚನ ಕೊಡುವುದು, ತಂಗಿ ಒಂದು ಕುರಳ್ ಕೊಡುವುದು. ಮೂರನೆಯ ದಿನವೇ ವ್ಯಾಜ್ಯ ಹುಟ್ಟಿತು. “ನನ್ನದು ಮೂರು ಸಾಲು, ನಿನ್ನದು ಎರಡೇ ಸಾಲು, ನನಗೆ ನಷ್ಟ” ಎಂದು ಅಕ್ಕ. “ನಮ್ಮಲ್ಲಿ 1330 ಇವೆ, ದಾಸ್ತಾನು ಹೆಚ್ಚು” ಎಂದು ತಂಗಿ. ಕೊನೆಗೆ ಎರಡು ವಚನಕ್ಕೆ ಮೂರು ಕುರಳ್ ಎಂದು ರಾಜಿಯಾಯಿತು. ಸಾಲಿನ ಲೆಕ್ಕ ಸರಿಹೋಯಿತು.

ಮಾವಿನ ಕಾಲದಲ್ಲಿ ಒಮ್ಮೆ ಕೃಷ್ಣಗಿರಿಯ ಅಣೆಕಟ್ಟಿಗೆ ಹೋದೆವು. 1957ರಲ್ಲಿ ತೆರೆದ ಆ ಅಣೆಕಟ್ಟು ನಮ್ಮ ದಕ್ಷಿಣ ಪಿನಾಕಿನಿಗೆ ಅಡ್ಡಲಾಗಿದೆ. ಶೂಳಗಿರಿ ದಾಟಿ ಬಸ್ಸು ಇಳಿಯುತ್ತ ಹೋದಂತೆ ಹೊಸೂರಿನ ತಂಪು ಬಿಟ್ಟುಹೋಗಿ ಬಿಸಿಲು ಮುಖಕ್ಕೆ ಹೊಡೆಯಿತು. ನೆರಳಿನಲ್ಲಿ ಕುಳಿತು ತೋತಾಪುರಿ ಕೊಯ್ದೆವು. ವಾಟೆ ಯಾರಿಗೆಂಬ ಜಗಳ ಎಂದಿನಂತೆ ಕನ್ನಡದಲ್ಲಿ ನಡೆಯಿತು. ಆಮೇಲೆ ಇಬ್ಬರೂ ತಲೆಗೆ ತಲೆ ತಾಗಿಸಿ ತಮಿಳಿನಲ್ಲಿ ಏನನ್ನೋ ಪಿಸುಗುಟ್ಟಿ ನಗತೊಡಗಿದರು. ನಮಗೆ ಬರುವುದು ಅಂಗಡಿಬೀದಿಯ ತಮಿಳು. ಅಕ್ಕಿಯ ಬೆಲೆ ಕೇಳಲು ಸಾಕು, ಮಕ್ಕಳ ಗುಟ್ಟನ್ನು ಹಿಡಿಯಲು ಸಾಲದು. ಜಗಳಕ್ಕೆ ಕನ್ನಡ, ಗುಟ್ಟಿಗೆ ತಮಿಳು! ಆ ನಗುವಿನಿಂದ ನಾವು ಹೊರಗುಳಿದೆವೆಂಬ ಒಂದು ಮುಳ್ಳು ಅಂದು ಮನಸ್ಸಿನಲ್ಲಿ ನೆಟ್ಟಿತು. ಮುಂದೆ ಮಾಡಿದ ತಪ್ಪಿನ ಬೀಜ ಅದೇ.

ಕಿರಿಯವಳು ಐದನೆಯ ತರಗತಿಯಲ್ಲಿದ್ದಾಗ ಅವಳ ಮಾತಿನಲ್ಲಿ ತಮಿಳು ಹೆಚ್ಚುತ್ತ ಬಂದಿತು. ಕನ್ನಡ ಕೈಬಿಟ್ಟು ಹೋದೀತೆಂದು ನಾವು ಹೆದರಿದೆವು. ಹೆದರಿದವರು ಕಾನೂನು ಮಾಡುತ್ತಾರೆ, ನಾವೂ ಮಾಡಿದೆವು. ಹೊಸಲಿನ ಒಳಗೆ ಕನ್ನಡವಲ್ಲದೆ ಬೇರೆ ಮಾತಾಡಿದರೆ ಸಲ ಒಂದಕ್ಕೆ ಒಂದು ರೂಪಾಯಿ ದಂಡ. ಹಾಲಿನ ಪುಡಿಯ ಖಾಲಿ ಡಬ್ಬಿಯೊಂದು ಗೂಡಿಗೆ ಬಂದಿತು. ಮೊದಲ ದಂಡ ತೆತ್ತವರು ನಾವೇ. ಹಾಲಿನವರ ಲೆಕ್ಕವನ್ನು ತೆಲುಗಿನಲ್ಲಿ ಕೇಳಿ ಸಿಕ್ಕಿಬಿದ್ದೆವು. ಮಕ್ಕಳು ಕುಣಿದರು. ಆದರೆ ದಿನ ಕಳೆದಂತೆ ಊಟದ ಹೊತ್ತಿನ ಹರಟೆ ಕಡಿಮೆಯಾಯಿತು. ಇದನ್ನು ನಾವು ಶಿಸ್ತೆಂದು ತಿಳಿದೆವು.

ಒಂದು ಸಂಜೆ ಕಿರಿಯವಳು ಓಡುತ್ತ ಬಂದಳು. ಶಾಲೆಯಲ್ಲಿ ಕುರಳ್ ಒಪ್ಪಿಸುವ ಸ್ಪರ್ಧೆಯಂತೆ. ಎರಡನೆಯ ಬಹುಮಾನವಾಗಿ ಒಂದು ಎವರ್‌ಸಿಲ್ವರ್ ಲೋಟ ಬಂದಿತ್ತು. ಊಟಕ್ಕೆ ಕುಳಿತಾಗ ಹೇಳಲು ತೊಡಗಿದಳು. ಎರಡು ಮಾತು ಕನ್ನಡದಲ್ಲಿ ಬಂದುವು. ಮೂರನೆಯದು ತಮಿಳಿನಲ್ಲಿ ನಾಲಗೆಯ ತುದಿಗೆ ಬಂದಿತು. ಅವಳ ಕಣ್ಣು ಗೂಡಿನ ಡಬ್ಬಿಯ ಕಡೆಗೆ ಹೋಯಿತು. “ಕನ್ನಡದಲ್ಲಿ ಹೇಗೆ ಹೇಳುವುದೋ ಗೊತ್ತಿಲ್ಲ” ಎಂದು ತಲೆ ತಗ್ಗಿಸಿ ಮುದ್ದೆ ಮುರಿಯತೊಡಗಿದಳು. ನಾವು ಸುಮ್ಮನಿದ್ದೆವು. ಸುಮ್ಮನಿದ್ದುದೇ ತಪ್ಪು.

ಅಕ್ಕ ಎದ್ದಳು. ಎಡಗೈಯಿಂದ ತನ್ನ ಚೀಲದಲ್ಲಿ ತಡಕಿ ಒಂದು ರೂಪಾಯಿ ತೆಗೆದು ಡಬ್ಬಿಗೆ ಹಾಕಿ ಬಂದು ಕುಳಿತಳು. “ಹೂಂ, ಈಗ ಹೇಳು” ಎಂದಳು.

ತಂಗಿ ಹೇಳಿದಳು. ವೇದಿಕೆಯ ಮೇಲೆ ನಿಂತಾಗ ನಡುವೆ ಒಂದು ಸಾಲು ಮರೆತುಹೋಯಿತಂತೆ. ಮುಂದಿನ ಸಾಲಿನಲ್ಲಿ ಕುಳಿತ ಹುಡುಗಿಯೊಬ್ಬಳು ತುಟಿಯನ್ನಷ್ಟೇ ಆಡಿಸಿ ಅದನ್ನು ನೆನಪಿಸಿದಳಂತೆ. ಆ ಹುಡುಗಿಯೂ ಸ್ಪರ್ಧೆಗೆ ನಿಂತವಳೇ. ಅವಳಿಗೆ ಬಂದುದು ಮೂರನೆಯ ಸ್ಥಾನ. “ಲೋಟವನ್ನು ಇಬ್ಬರೂ ಒಂದೊಂದು ವಾರ ಇಟ್ಟುಕೊಳ್ಳಬಹುದೇ ಅಪ್ಪ?” ಎಂಬುದು ಅವಳ ಪ್ರಶ್ನೆಯಾಗಿತ್ತು. ಕತೆ ಮುಕ್ಕಾಲು ಪಾಲು ತಮಿಳಿನಲ್ಲಿತ್ತು. ನಮಗೆ ಒಂದು ಮಾತೂ ತಪ್ಪದೆ ಅರ್ಥವಾಯಿತು.

ಒಂದು ರೂಪಾಯಿ ಉಳಿಸಲು ಹೋಗಿ ಈ ಕತೆಯನ್ನು ಕಳೆದುಕೊಳ್ಳಲಿದ್ದೆವಲ್ಲ ಎಂದು ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಹಿಂದೆ ಎಷ್ಟು ಕತೆಗಳು ಹೀಗೆ ತಟ್ಟೆಯ ಮುಂದೆಯೇ ಉಳಿದುಹೋದವೋ! ಮಗು ಯಾವ ಮಾತಿನಲ್ಲಿ ಓಡಿಬಂದು ಹೇಳುತ್ತದೆಯೋ ಆ ಮಾತಿಗೆ ಮನೆಯ ಬಾಗಿಲು ತೆರೆದಿರಬೇಕು. ಬಾಗಿಲು ಮುಚ್ಚಿದರೆ ಹೊರಗುಳಿಯುವುದು ತಮಿಳಲ್ಲ, ಮಗು. ಬೆಳಗಾಗುತ್ತಲೇ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದೆವು. ಕನ್ನಡ ಉಳಿಯಬೇಕಾದರೆ ದಂಡಕ್ಕಿಂತ ಸಂಜೆಯ ಮಠವೇ ಮೇಲೆಂದು ಅದಕ್ಕೆ ಇನ್ನರ್ಧ ಗಂಟೆ ಸೇರಿಸಿದೆವು. ಈ ಸಲ ನಾವೂ ಮಣೆ ಹಾಕಿಕೊಂಡು ಕುಳಿತು ಲಟ್ಟಣಿಗೆಯ ಗುರುವಿನಿಂದ ತಮಿಳು ಅಕ್ಷರ ಕಲಿತೆವು.

ಅಕ್ಕ 2014ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಕನ್ನಡವನ್ನೇ ಮೊದಲ ಭಾಷೆಯಾಗಿ ಬರೆದಳು. ತಂಗಿಯ ಸರದಿ 2016ರಲ್ಲಿ ಬಂದಿತು. ಹೊಸ ಕ್ರಮದಲ್ಲಿ ಮೊದಲು ಪರೀಕ್ಷೆ ಬರೆಯಬೇಕಾದ ತಂಡ ಅವಳದೇ. ಆ ವರ್ಷ ನ್ಯಾಯಾಲಯದ ಅನುಮತಿ ಪಡೆದು ತಾಯ್ನುಡಿಯಲ್ಲೇ ಬರೆದ ಮಕ್ಕಳೂ ಇದ್ದರು. ಅವರಿಗೆ ಅದು ನ್ಯಾಯವಾದ ಆಸರೆ. ಎಲ್ಲ ಮಕ್ಕಳಿಗೂ ಸಂಜೆಯ ಮಠವಿರುವುದಿಲ್ಲ. ನಮ್ಮವಳನ್ನು ಕೇಳಿದೆವು. “ಹತ್ತು ವರ್ಷ ಅಕ್ಕನಿಗೆ ಪಾಠ ಹೇಳಿದ್ದೇನೆ. ಈಗ ಬರೆಯದಿದ್ದರೆ ಶಿಷ್ಯೆ ನಗುವುದಿಲ್ಲವೇ?” ಎಂದಳು. ತಮಿಳಿನಲ್ಲೇ ಬರೆದಳು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಹಿಡಿದು ಪ್ರಶ್ನೆ ಕೇಳಿದವಳು ಅಕ್ಕ.

ಈಗ ಇಬ್ಬರೂ ಒಬ್ಬರಿಗೊಬ್ಬರು ದೂರವಾಣಿಯಲ್ಲಿ ಬರೆದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿರುವ ಅಕ್ಕ ತಂಗಿಗೆ ತಮಿಳಿನಲ್ಲಿ ಬರೆಯುತ್ತಾಳೆ. ಕೊಯಮತ್ತೂರಿನಲ್ಲಿರುವ ತಂಗಿ ಅಕ್ಕನಿಗೆ ಕನ್ನಡದಲ್ಲಿ ಬರೆಯುತ್ತಾಳೆ. ಸುತ್ತಲೂ ಕೇಳಿಸದ ಭಾಷೆಯನ್ನು ಅಕ್ಕತಂಗಿಯರು ಒಬ್ಬರಿಗೊಬ್ಬರು ಕಾಯ್ದಿಟ್ಟು ಕೊಡುತ್ತಿರುವಂತೆ ನಮಗೆ ತೋರುತ್ತದೆ.

ತೇರಿನ ಮರುದಿನ ಪೆಟ್ಟಿಗೆಯ ತಳದಲ್ಲಿ ಆ ಡಬ್ಬಿಯೂ ಸಿಕ್ಕಿತು. ಎಣಿಸಿದರೆ ಇಪ್ಪತ್ತಮೂರು ರೂಪಾಯಿ. ಅದರಲ್ಲಿ ಹನ್ನೊಂದು ನಮ್ಮದೆಂದು ಮಕ್ಕಳಿಬ್ಬರೂ ಸಾಕ್ಷಿ ನುಡಿದರು. ಕಿರಿಯವಳು ಒಂದು ನಾಣ್ಯವನ್ನು ಆರಿಸಿ, “ತಗೋ ಅಕ್ಕ, ನಿನ್ನ ಸಾಲ” ಎಂದು ನೀಡಿದಳು. ಅಕ್ಕ ಅದನ್ನು ತಿರುಗಿ ಡಬ್ಬಿಗೇ ಹಾಕಿ, “ಇರಲಿ. ಇನ್ನೂ ಒಂದು ಕತೆ ಬಾಕಿ ಇದ್ದರೆ ಹೇಳು” ಎಂದಳು. ಆ ರಾತ್ರಿ ಬಹಳ ಹೊತ್ತು ದೀಪ ಉರಿಯಿತು. ಮನೆ ಹಿಂದಿನಂತೆಯೇ ಚಿಕ್ಕದಾಗಿತ್ತು.